ಒಂದು ಕ್ರೆಡಿಟ್ಟಿನ ಲ್ಯಾಬ್

ಇಲೋಯಿಲೋ
ಗುರುವಾರ, ಮಾರ್ಚ್ 5, 1998

ಪ್ರಿಯ ಪೆರ್ಲಾ,

ನೀನು ದವಾವೊಗೆ ಹೊರಟುಹೋದ ಮೇಲಿನ ಆರು ವರ್ಷಗಳಲ್ಲಿ ನಾನು ಬರೆದ ಪತ್ರಗಳಲ್ಲೆಲ್ಲ ನಮ್ಮ ಮಗಳ ಅಂಕಗಳಿರುತ್ತಿದ್ದವು, ಕೆಳಗೆ ನನ್ನ ಸಹಿ ಇರುತ್ತಿತ್ತು. ಇದೂ ಅಂಕಗಳ ವಿಷಯವೇ. ಆದರೆ ಎಲ್ಲಿಂದ ಶುರುಮಾಡಬೇಕೋ ತಿಳಿಯುತ್ತಿಲ್ಲ.

ಪದವಿ ಪಡೆಯುವವರ ಪಟ್ಟಿಯಲ್ಲಿ ನೆರಿಸಾಳ ಹೆಸರಿಲ್ಲ. ಸೋಮವಾರ ಕಾಲೇಜಿನ ಫಲಕಕ್ಕೆ ಪಟ್ಟಿ ಹಚ್ಚಿದರು. ಭೌತಶಾಸ್ತ್ರದಲ್ಲಿ ಐದು ಹೆಸರಿರಬೇಕಿತ್ತು, ನಾಲ್ಕಿದ್ದವು. ಅವಳು ಸೀದಾ ನನ್ನ ಕೋಣೆಗೆ ಬಂದು, "ಪಪ್ಪಾ, ನಾನು ಯಾವುದ್ರಲ್ಲಿ ಫೇಲಾದೆ?" ಎಂದಳು. ಯಾವುದರಲ್ಲೂ ಫೇಲಾಗಿಲ್ಲ. ಒಂದು ಕ್ರೆಡಿಟ್ ಕಡಿಮೆ ಬಿದ್ದಿದೆ. ಉಷ್ಣ ಪ್ರಯೋಗದ ಲ್ಯಾಬ್. ವಾರಕ್ಕೊಂದು ಮಧ್ಯಾಹ್ನ, ಜೂನ್ ಸೆಮಿಸ್ಟರಿನಲ್ಲಿ ಮಾತ್ರ ನಡೆಯುವಂಥದ್ದು. ಅದನ್ನವಳು ತೆಗೆದುಕೊಂಡೇ ಇಲ್ಲ. "ನೀವು ಬರ್ಕೊಟ್ಟಿದ್ದನ್ನೆಲ್ಲ ತಗೊಂಡಿದ್ದೀನಲ್ಲ?" ಎಂದಳು. ಅದೂ ನಿಜ. ಅವಳ ಸಲಹೆಗಾರ ನಾನೇ. ಯಾವ ವಿಷಯ ತೆಗೆದುಕೊಳ್ಳಬೇಕೆಂದು ಗುರುತು ಹಾಕುವ ಹಾಳೆ, ಎಂಟು ಸೆಮಿಸ್ಟರಿನದಕ್ಕೂ ನನ್ನದೇ ಸಹಿ. ಜೊತೆಯ ಹುಡುಗರು ಅವಳನ್ನು ರೇಗಿಸುತ್ತಿದ್ದರು: "ನಿನಗೇನಮ್ಮ, ಮನೇಲೇ ಅಡ್ವೈಸರ್. ಚಾರ್ಟ್ ನೋಡೋ ಕರ್ಮ ನಮಗೆ."

ಈ ಲ್ಯಾಬನ್ನು ಹುಟ್ಟಿಸಿದವನೂ ನಾನು. ಅವಳು ಸೇರಿದ ವರ್ಷ ಪಠ್ಯಕ್ರಮ ಬದಲಾಯಿತು. ಅಲ್ಲಿಯವರೆಗೆ ಪಾಠದ ಜೊತೆಗೇ ಪ್ರಯೋಗವೂ ಸೇರಿಕೊಂಡಿತ್ತು. ಅದನ್ನು ಬೇರೆ ಮಾಡಿ ಒಂದು ಕ್ರೆಡಿಟ್ ಕೊಡಬೇಕೆಂದು ಸಭೆಯಲ್ಲಿ ಹಠ ಹಿಡಿದೆ. ಆಮೇಲಿನಿಂದ ನಮ್ಮ ಹಾಳೆಯಲ್ಲಿ ಎರಡು ಕಾಲಂ, ಹಳೆಯ ಪಠ್ಯಕ್ರಮದ್ದು ಮತ್ತು ಹೊಸದರದ್ದು. ಹಳೆಯದರಲ್ಲಿ ಗುರುತು ಹಾಕಿದರೆ ಈ ಲ್ಯಾಬ್ ಬೇಕಿಲ್ಲ. ಅವಳಿಗೆ ಹೊಸದೇ ಅನ್ವಯ. ಅವಳ ಮೂರನೆಯ ವರ್ಷದ ಜೂನ್‌ನಲ್ಲಿ ನಾನು ಹಳೆಯ ಕಾಲಂನಲ್ಲಿ ಗುರುತು ಹಾಕಿದ್ದೇನೆ. ಅದೇ ಮಧ್ಯಾಹ್ನ, ಅದೇ ಪೆನ್ನಿನಿಂದ, ಉಳಿದ ನಾಲ್ವರಿಗೆ ಸರಿಯಾಗಿಯೇ ಹಾಕಿದ್ದೇನೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲರಿಗೂ ಮನಾಂಗ್, ಎಲ್ಲರಿಗೂ ಅಕ್ಕನಾದ ಫಿಲೊಮೆನಾ ದಾರಿ ತೋರಿಸಿದಳು. ಸಲಹೆಗಾರನಿಂದ ತಪ್ಪಾಗಿದೆಯೆಂದು ಅವನೇ ಅರ್ಜಿ ಕೊಟ್ಟರೆ, ವಿದ್ಯಾರ್ಥಿ ಮೂರು ವಾರದಲ್ಲಿ ಆರು ಪ್ರಯೋಗ ಮುಗಿಸಿ ಉಳಿದವರ ಜೊತೆಗೇ ಪದವಿ ಪಡೆಯಬಹುದು. ಇಲ್ಲದಿದ್ದರೆ ಅಕ್ಟೋಬರ್‌ವರೆಗೆ ಇಲ್ಲೇ ಇರಬೇಕು. ಆಗ ನಿಮ್ಮೂರಿನ ಹೈಸ್ಕೂಲಿನಲ್ಲಿ ಅವಳಿಗೆ ಸಿಕ್ಕಿರುವ ಟೀಚರ್ ಕೆಲಸ ಹೋದಂತೆಯೇ. ಅವರಿಗೆ ಜೂನ್‌ನಲ್ಲೇ ಪ್ರಮಾಣಪತ್ರ ಬೇಕು. ನೀನು ಅವಳಿಗಾಗಿ ಕೋಣೆಗೆ ಬಣ್ಣ ಹೊಡೆಸಿದ್ದೀಯಂತೆ.

"ಕಾರಣ ಅಂತ ಇದೆಯಲ್ಲ ಸರ್, ಅಲ್ಲಿ 'ಕಣ್ತಪ್ಪಿನಿಂದ' ಅಂತ ಬರೀರಿ, ಮುಗೀತು" ಎಂದಳು ಫಿಲೊಮೆನಾ. ಬೇಕೆಂದೇ ಮಾಡಿದ್ದು ಎಂದು ಬರೆದರೆ, ಎಂದು ಕೇಳಿದೆ. "ಆಗ್ಲೂ ಹುಡುಗಿಗೆ ಪದವಿ ಸಿಗತ್ತೆ. ನಿಮಗೆ ಕೆಲಸ ಇರಲ್ಲ, ಅಷ್ಟೆ" ಎಂದು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡಳು.

ಆ ಜೂನ್ ದಿನವನ್ನು ನೆನಪಿಸಿಕೊಳ್ಳಲು ನೋಡಿದೆ. ಫ್ಯಾನ್ ಕೆಟ್ಟಿತ್ತು, ಸಾಲಿನಲ್ಲಿ ನಿಂತ ಹುಡುಗರು ಹಾಳೆಗಳಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಬೆಳಿಗ್ಗೆ ನಿನ್ನ ಪತ್ರ ಬಂದಿತ್ತು, ಓದು ಮುಗಿದ ಕೂಡಲೇ ನೆರಿಸಾ ದವಾವೊಗೆ ನಿನ್ನ ಹತ್ತಿರ ಬರಲಿ ಎಂದು. ಅದು ಜೇಬಿನಲ್ಲಿತ್ತು. ಇದಕ್ಕೂ ಅದಕ್ಕೂ ಸಂಬಂಧವಿದೆಯೆಂದು ಹೇಳಲಾರೆ. ಇಲ್ಲವೆಂದೂ ಹೇಳಲಾರೆ. ಅಳತೆಗಳು ಒಮ್ಮೆ ಅತ್ತ ಒಮ್ಮೆ ಇತ್ತ ತಪ್ಪಿದರೆ ಅದು ಕೈನಡುಕ, ಯಾವಾಗಲೂ ಒಂದೇ ಕಡೆಗೆ ತಪ್ಪಿದರೆ ಉಪಕರಣವನ್ನೇ ಅನುಮಾನಿಸಿ ಎಂದು ತರಗತಿಯಲ್ಲಿ ಹೇಳುತ್ತೇನೆ. ನನ್ನ ಬಳಿ ಇರುವುದು ಒಂದೇ ಅಳತೆ. ಒಂದರಿಂದ ಏನು ತಿಳಿಯುತ್ತದೆ?

ಒಂದಲ್ಲ, ಎರಡು. ಕಳೆದ ಜೂನ್‌ನಲ್ಲೂ ಅವಳ ಹಾಳೆ ನನ್ನ ಮುಂದೆ ಬಂತು. ಆ ಗುರುತು ಕಣ್ಣಿಗೆ ಬಿತ್ತು, ತಪ್ಪು ಜಾಗದಲ್ಲಿದೆ ಎನ್ನಿಸಿತು. ಲ್ಯಾಬಿಗೆ ಸೇರಿಸಲು ಆಗಲೂ ಸಮಯವಿತ್ತು. ಆಮೇಲೆ ನೋಡಿದರಾಯಿತೆಂದು ಸಹಿ ಹಾಕಿದೆ.

ನೆರಿಸಾಳಿಗೆ ನನ್ನ ಮೇಲೆ ಅನುಮಾನವೇ ಇಲ್ಲ. ಅದನ್ನೇ ತಡೆಯಲಾಗುತ್ತಿಲ್ಲ. "ಮರ್ತಿದ್ರೆ ಮರ್ತೆ ಅನ್ನಿ ಪಪ್ಪಾ, ನಾನೇನು ನಿಮ್ಮನ್ನ ನುಂಗಿಬಿಡ್ತೀನಾ?" ಎಂದಳು ನಿನ್ನೆ ಊಟಕ್ಕೆ ಕೂತಾಗ. ಮೀನು ಆರಿಹೋಗುತ್ತದೆ, ತಿನ್ನು ಎಂದೆ.

ಅರ್ಜಿ ಈ ಲಕೋಟೆಯಲ್ಲಿದೆ. ಸಹಿ ಹಾಕಿದ್ದೇನೆ, ಕಾರಣದ ಜಾಗ ಖಾಲಿ ಬಿಟ್ಟಿದ್ದೇನೆ. ಹದಿನೇಳು ವರ್ಷ ಜೊತೆಗಿದ್ದವಳು ನೀನು. ನಾನು ಮರೆಯುವ ರೀತಿ, ಮರೆತವನಂತೆ ಇರುವ ರೀತಿ, ಎರಡನ್ನೂ ನೀನು ಬಲ್ಲೆ. ನಿನಗೆ ಸರಿಯೆನಿಸಿದ್ದನ್ನು ಬರೆದು ಕಳಿಸು. ತಕರಾರು ಮಾಡುವುದಿಲ್ಲ.

ಇಂದಿಗೂ ನಿನ್ನವನೋ ಏನೋ,
ಹೆರ್ಮೊ

ತಾ.ಕ.: ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೌಂಟರಿನ ಹೆಂಗಸು, "ದವಾವೊಗೆ ಮಂಗಳವಾರ ಮುಟ್ಟತ್ತೆ. ಅರ್ಜೆಂಟಾ?" ಎಂದು ಕೇಳಿದಳು. ಅರ್ಜಿ ಕೊಡಲು ನಾಳೆಯೇ ಕೊನೆಯ ದಿನ. ಅದನ್ನು ನಿನಗೆ ಮೇಲೆ ಬರೆದಿಲ್ಲ. "ಅರ್ಜೆಂಟೇನಿಲ್ಲ" ಎಂದೆ, ಎಷ್ಟು ಸಲೀಸಾಗಿ ಬಂತು ಆ ಮಾತು. ಲಕೋಟೆಯನ್ನು ವಾಪಸು ಕೇಳಿ ತೆಗೆದುಕೊಂಡು ಒಡೆದೆ. ಕಾರಣದ ಮುಂದೆ ನಾನೇ ಬರೆದಿದ್ದೇನೆ: ಗೊತ್ತಿದ್ದೂ ಮಾಡಿದೆ, ಅವಳು ಹೋಗಬಾರದೆಂದು. ರಿಜಿಸ್ಟ್ರಾರ್ ಕಚೇರಿ ಮುಚ್ಚುವುದರೊಳಗೆ ಕೊಟ್ಟುಬರುತ್ತೇನೆ. ನಿನಗೆ ಬರೀ ಪತ್ರ ಮುಟ್ಟುತ್ತದೆ. ಆ ಹೊತ್ತಿಗೆ ಅವಳು ಎರಡನೆಯ ಪ್ರಯೋಗದಲ್ಲಿರುತ್ತಾಳೆ. ನನ್ನೊಡನೆ ಮಾತಾಡುತ್ತಿರುತ್ತಾಳೋ ಇಲ್ಲವೋ, ಗೊತ್ತಿಲ್ಲ.