ಗಡಿಯಾರ ಗೋಪುರಕ್ಕೆ ಹೊತ್ತು ಸಾಲದಿರಲಿ

ವಸತಿಗೃಹ, ಎರಡನೇ ಮಹಡಿಯ ಕೋಣೆ
ಸೋಮವಾರ, ೧೮ನೇ ತಾರೀಕು, ಸಂಜೆ ನಾಲ್ಕು ಗಂಟೆ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಬಿಳಿ ಮಾತ್ರೆ ಬೆಳಿಗ್ಗೆ ತಿಂಡಿ ಆದ ಮೇಲೆ, ಹಳದಿ ಮಾತ್ರೆ ರಾತ್ರಿ ಊಟಕ್ಕೆ ಮುಂಚೆ. ಅದಲುಬದಲು ಮಾಡಿಕೊಳ್ಳಬೇಡಿ. ಮೆಟ್ಟಿಲಿಳಿಯುವಾಗ ಪಕ್ಕದ ಮನೆಯಾಕೆ ಕೈ ಕೊಟ್ಟರೆ, ನಾನೇನು ಮುದುಕಿಯೇ ಎಂದು ಜಂಬ ಮಾಡದೆ ಹಿಡಿದುಕೊಳ್ಳಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಕಾಲುಗಳು ಮಾತ್ರ ಇವತ್ತು ನಮ್ಮ ಮಾತು ಕೇಳುತ್ತಿಲ್ಲ.

ಈ ಕಾಗದವನ್ನು ನೀವೊಬ್ಬರೇ ಓದಿ, ಓದಿ ಹರಿದುಹಾಕಿ. ಫೋನಿನಲ್ಲಿ ಹೇಳೋಣವೆಂದರೆ ಸ್ಪೀಕರ್ ಹಾಕದಿದ್ದರೆ ನಿಮಗೆ ಕೇಳಿಸುವುದಿಲ್ಲ, ಹಾಕಿದರೆ ಬೀದಿಗೆಲ್ಲ ಕೇಳಿಸುತ್ತದೆ. ಜೊತೆಗೆ ನಾನು ಹಲೋ ಅನ್ನುವಷ್ಟರಲ್ಲಿ ನಿಮ್ಮ ಮಗ ಫೋನು ಕಿತ್ತುಕೊಂಡಿರುತ್ತಾರೆ. ಇವತ್ತು ಆರೂವರೆಯ ರೈಲಿಗೆ ಹೊರಟು, ನನ್ನ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು, ಶನಿವಾರ ಮನೆಗೆ ಬರುತ್ತೇವೆ. ಅಷ್ಟರೊಳಗೆ ಇದು ನಿಮ್ಮ ಕೈ ಸೇರಿದರೆ ಸಾಕು. ಇವರು ಕೆಳಗೆ ಕ್ಷೌರಕ್ಕೆ ಹೋಗಿದ್ದಾರೆ. ನನಗೆ ಅರ್ಧ ಗಂಟೆ ಇದೆ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ, ಅತ್ತೆ. ನೀವು ಈ ಊರಿಗೆ ಬಂದೇ ಇಲ್ಲ ಅನ್ನುವುದು ನನಗೆ ಗೊತ್ತಾಯಿತು.

ಶನಿವಾರ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಹೊಲಿಸಲು ಒಬ್ಬಳೇ ಹೋದೆ. ಚಪ್ಪಲಿ ಹೊಲಿಯುವವನು ಕೂರುವುದು ಒಂದು ಉದ್ಯಾನದ ಗೇಟಿನಲ್ಲಿ. ಒಳಗೆ ನೋಡಿದರೆ ನೀವು ಹೇಳುತ್ತಿದ್ದ ಅದೇ ನಾಲ್ಕು ಮುಖದ ಗಡಿಯಾರ ಗೋಪುರ, ಎದುರಿಗೆ ಕಾರಂಜಿ, ಕಾರಂಜಿಯ ತೊಟ್ಟಿಗೆ ಅಂಟಿಕೊಂಡೇ ಕಲ್ಲುಬೆಂಚು. ನನಗೆ ಎಷ್ಟು ಖುಷಿಯಾಯಿತೆಂದರೆ ಬರಿಗಾಲಿನಲ್ಲೇ ಒಳಗೆ ಹೋದೆ. ಗೋಪುರದ ಬುಡದಲ್ಲಿ ಒಂದು ಕಪ್ಪು ಕಲ್ಲು ಕೂರಿಸಿದ್ದಾರೆ. ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಡಬ್ಬಿ ತಿರುಗಿಸಿ ತಾರೀಕು ನೋಡುತ್ತಿರುವವಳು ನಾನು, ಬೇರೇನೂ ಓದುವ ಮೊದಲು ಕಣ್ಣು ಇಸವಿಯ ಮೇಲೆ ಬಿತ್ತು. ಮದುವೆಯಾದ ತಿಂಗಳಿಗೇ ಮಾವನವರು ನಿಮ್ಮನ್ನು ಇಲ್ಲಿಗೆ ಕರೆತಂದರು ಎಂದಲ್ಲವೇ ನೀವು ಹೇಳುವುದು? ಗೋಪುರ, ಕಾರಂಜಿ, ಉದ್ಯಾನ ಎಲ್ಲ ಒಟ್ಟಿಗೆ ಉದ್ಘಾಟನೆಯಾದ ವರ್ಷ ನಿಮ್ಮ ಮಗ ಮೂರನೇ ತರಗತಿಯಲ್ಲಿದ್ದರು. ಕಲ್ಲೇ ತಪ್ಪಿರಬಹುದು ಎಂದು ಅಲ್ಲಿ ನೀರು ಬಿಡುತ್ತಿದ್ದ ಮಾಲಿಯನ್ನು ಕೇಳಿದೆ. "ಮುಂಚೆ ಇಲ್ಲಿ ಸೌದೆ ಡಿಪೋ ಇತ್ತಮ್ಮ, ಒಂದು ಹೂವಿನ ಗಿಡಾನೂ ಇರಲಿಲ್ಲ" ಅಂದ. ಆಗ ನಿಮ್ಮ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿರುವ ಕ್ಯಾಲೆಂಡರಿನ ಚಿತ್ರ ನೆನಪಾಯಿತು. ಅದರಲ್ಲಿರುವುದು ಇದೇ ಗೋಪುರ.

ನಾನು ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಮಾವನವರನ್ನು ನಾನು ನೋಡಿದ್ದು ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ಅವರು ನನ್ನೊಡನೆ ನಾಲ್ಕು ಮಾತಾಡಿದ್ದರೆ ಹೆಚ್ಚು. ಮಗನೊಡನೆ ಅಷ್ಟೂ ಇಲ್ಲ. ಅಪ್ಪ ಅಂದರೆ ಇವರಿಗೆ ಬಾಗಿಲು ಬಡಿದ ಸದ್ದು, ಬಿಟ್ಟೆದ್ದ ತಟ್ಟೆ, ಅಷ್ಟೇ. ಅದರ ಜೊತೆಗೆ ನೀವು ಹೇಳಿದ ಈ ಒಂದು ಕಥೆ: ನೀವು ಕಾರಂಜಿಯ ನೀರಿನಲ್ಲಿ ಕಾಲು ಇಳಿಬಿಟ್ಟಿರಿ, ಮಾವನವರು ನಿಮ್ಮ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೂತರು, ನೋಡುವವರು ನಕ್ಕರೂ ಕೆಳಗಿಡಲಿಲ್ಲ. ಇದನ್ನು ನಿಮ್ಮ ಮಗ ನನಗೆ ಎಷ್ಟು ಸಲ ಹೇಳಿಲ್ಲ! ಅಪ್ಪನ ಬಗ್ಗೆ ಅವರ ಬಳಿ ಇರುವ ಒಳ್ಳೆಯ ಮಾತು ಇದೊಂದೇ. ಅದೂ ಸುಳ್ಳೆಂದು ಗೊತ್ತಾದರೆ ಈ ವಯಸ್ಸಿನಲ್ಲಿ ಆ ಮನುಷ್ಯ ಏನಾಗಬೇಕು? ಎರಡು ರಾತ್ರಿಯಿಂದ ನನಗೆ ನಿದ್ದೆ ಇಲ್ಲ.

ಗೋಪುರವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳೋಣ ಎಂದವರು ಇವರೇ. ಹಾಗಾಗಿ ಇವತ್ತು ಅದಕ್ಕೆ ಹೊತ್ತೇ ಸಿಗದಂತೆ ಮಾಡಲು ನಾನು ಸೊಂಟ ಕಟ್ಟಿ ನಿಂತೆ. ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಪ್ರಾಣಿಸಂಗ್ರಹಾಲಯಕ್ಕೆ ಎಳೆದುಕೊಂಡು ಹೋದೆ. ಮಲಗಿದ್ದ ಆಮೆಯ ಮುಂದೆ ಇಪ್ಪತ್ತು ನಿಮಿಷ ನಿಂತು, ಅದು ಕತ್ತು ಹೊರಗೆ ಹಾಕುವವರೆಗೂ ಬರುವುದಿಲ್ಲ ಎಂದು ಹಟ ಹಿಡಿದೆ. ಅಲ್ಲಿಂದ ವಸ್ತುಸಂಗ್ರಹಾಲಯ. ಬೋರ್ಡು ಬರೆಯುವವರನ್ನು ಕಟ್ಟಿಕೊಂಡು ಇಂಥ ಕಡೆ ಹೋಗುವುದೆಂದರೆ ನಿಮಗೆ ಗೊತ್ತೇ ಇದೆ. ನೋಡಬೇಕಾದ ವಸ್ತುವನ್ನು ಬಿಟ್ಟು ಅದರ ಕೆಳಗಿನ ಚೀಟಿಯ ಮುಂದೆ ನಿಲ್ಲುತ್ತಾರೆ. "ನೋಡೇ, ಈ ಅಕ್ಷರಕ್ಕೆ ಹೊಟ್ಟೆ ಜಾಸ್ತಿ ಆಯ್ತು, ಪಕ್ಕದ್ದಕ್ಕೆ ಉಸಿರಾಡೋಕೂ ಜಾಗ ಇಲ್ಲ." ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ, ಇವತ್ತು ಹೊತ್ತು ಹೋಗಲಿ ಎಂದು ಇನ್ನೂ ನಾಲ್ಕು ಚೀಟಿ ನಾನೇ ತೋರಿಸಿದೆ. ಆದರೆ ನನ್ನ ಭಯ ಬೇರೆ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನದನ್ನೂ ಬಿಡದೆ ಓದುವ ಈ ಮನುಷ್ಯ ಆ ಕಪ್ಪು ಕಲ್ಲನ್ನು ಓದದೆ ಬಿಡುತ್ತಾರೆಯೇ? ಆಮೇಲೆ ಗಾಜಿನ ಮಾಡಿನ ಮಾರುಕಟ್ಟೆ, ಆಮೇಲೆ ದೋಣಿ. ನೀರು ಕಂಡರೆ ಆಗದ ನಾನು ದೋಣಿ ಹತ್ತಿದೆ ಎಂದರೆ ನನ್ನ ಅವಸ್ಥೆ ನೀವೇ ಊಹಿಸಿಕೊಳ್ಳಿ. ಒಂದೂವರೆಗೆ ದಡಕ್ಕೆ ಬಂದಾಗ ಊಟ, ಮಲಗೋಣ, ಸಾಮಾನು ಕಟ್ಟಬೇಕು ಎಂದೆಲ್ಲ ಹೇಳಿ ನೋಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಇಬ್ಬರಿಗೂ ನಿಂತಲ್ಲೇ ಬನ್ನು, ಚಹಾ ತಂದರು. "ಗೋಪುರ ನೋಡ್ದೆ ಹೋದ್ರೆ ಅಮ್ಮ ಬಾಗಿಲು ತೆಗೀತಾಳಾ?" ಅಂದರು. ನನ್ನ ಉಪಾಯವೆಲ್ಲ ಅಲ್ಲಿಗೆ ಮುಗಿಯಿತು.

ಉದ್ಯಾನದೊಳಗೆ ಕಾಲಿಟ್ಟವಳೇ ಛತ್ರಿ ಬಿಚ್ಚಿ ಆ ಕಲ್ಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಬಿಸಿಲು ಅಂದೆ. ದೂರದಿಂದ ಮಾಲಿ ನನ್ನ ಗುರುತು ಹಿಡಿದು ನಗುತ್ತಾ ಬರತೊಡಗಿದ. ಸೌದೆ ಡಿಪೋ ಅನ್ನುವ ಮಾತು ಅವನ ಬಾಯಿಂದ ಬಂದರೆ ಮುಗಿಯಿತು! ನಾನೇ ಓಡಿಹೋಗಿ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾ ಅವನನ್ನು ಗೇಟಿನವರೆಗೂ ನಡೆಸಿಕೊಂಡು ಹೋದೆ. ವಾಪಸ್ ಬರುವಷ್ಟರಲ್ಲಿ ಇವರು ಬೆಂಚಿನ ಮೇಲೆ ಕೂತಿದ್ದರು. ಪುಣ್ಯಕ್ಕೆ ಕಲ್ಲಿನ ಕಡೆ ಮುಖವೂ ಇರಲಿಲ್ಲ. "ಅಮ್ಮ ಯಾವ ಕಡೆ ಕೂತಿದ್ಲಂತೆ?" ಎಂದು ಕೇಳಿದರು. ಬಾಯಿಗೆ ಬಂದಂತೆ ಎಡಗಡೆ ಅಂದೆ. "ಹಾಗಾದ್ರೆ ನೀನು ಇಲ್ಲಿ ಕೂರು" ಅಂದು ಬಲಕ್ಕೆ ಸರಿದರು. ಆಮೇಲೆ ಕೈ ಚಾಚಿ, "ಕಾಲು ಬಿಡು ನೀರಲ್ಲಿ. ಚಪ್ಪಲಿ ಕೊಡು ಇಲ್ಲಿ" ಅಂದರು. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಕೈಚೀಲವನ್ನೂ ಹಿಡಿಯದವರು ನನ್ನ ಹೊಲಿಸಿದ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಗಂಟೆ ಹೊಡೆಯುವವರೆಗೂ ಕೂತರು. ನನಗೆ ಅಳು ಬಂತು. ಕಣ್ಣಿಗೆ ನೀರು ಸಿಡಿಯಿತು ಎಂದು ಸುಳ್ಳು ಹೇಳಿದೆ.

ಇವತ್ತು ಹೇಗೋ ದಾಟಿತು. ಇನ್ನು ನಿಮ್ಮ ಕೈಯಲ್ಲಿದೆ. ಶನಿವಾರ ಬಂದ ತಕ್ಷಣ ಅವರು ಒಂದೊಂದೇ ಕೇಳುತ್ತಾರೆ, ನೀವು ಎಲ್ಲಾದರೂ ತಡವರಿಸಿಬಿಟ್ಟರೆ ಎಂಬುದೇ ನನ್ನ ಭಯ. ಮಾತು ಎತ್ತಿದರೆ ತಲೆನೋವು ಎಂದು ಮಲಗಿಬಿಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಏಕೆ ಹೇಳಿದಿರಿ ಎಂದು ನಾನು ಯಾವತ್ತೂ ಕೇಳುವುದಿಲ್ಲ. ಅಷ್ಟು ಚಿಕ್ಕ ಹುಡುಗನಿಗೆ ನಾನು ಅಮ್ಮನಾಗಿದ್ದರೂ ಇಂಥದ್ದೇನೋ ಒಂದು ಕಟ್ಟಿ ಹೇಳುತ್ತಿದ್ದೆನೋ ಏನೋ.

ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳುತ್ತಿದೆ. ಪಕ್ಕದ ಮನೆಯಾಕೆಗೆ ನನ್ನ ನೆನಪು ಹೇಳಿ. ಮಂಡಿಗೆ ಎಣ್ಣೆ ತಿಕ್ಕುವುದನ್ನು ಮರೆಯಬೇಡಿ. ನಮ್ಮಿಬ್ಬರ ಮೇಲೂ ನಿಮ್ಮ ಆಶೀರ್ವಾದವಿರಲಿ.

ನಿಮ್ಮ
ಸೊಸೆ

ತಾ.ಕ.: ರೈಲು ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ, ಅಂಚೆ ಡಬ್ಬಿ ಎದುರಿಗೇ ಇದೆ. ಇವರು ಫೋನು ನನ್ನ ಕೈಗೆ ಕೊಟ್ಟು ನೀರಿನ ಬಾಟಲಿ ತರಲು ಹೋದರು. ಅಕ್ಕನಿಗೆ ಆಮೆಯ ಫೋಟೋ ಕಳಿಸೋಣವೆಂದು ಹುಡುಕುತ್ತಿದ್ದೆ. ಆ ಕಪ್ಪು ಕಲ್ಲಿನ ಫೋಟೋ ಸಿಕ್ಕಿತು, ಅತ್ತೆ. ಒಂದಲ್ಲ, ಮೂರು, ಕೊನೆಯದರಲ್ಲಿ ಇಸವಿ ಮಾತ್ರ. ತೆಗೆದದ್ದು ಇವತ್ತಲ್ಲ, ೧೩ನೇ ತಾರೀಕು ಬುಧವಾರ, ನಾವು ಇಲ್ಲಿಗೆ ಬಂದ ದಿನವೇ. ಹಲ್ಲುಜ್ಜುವ ಬ್ರಷ್ ತರುತ್ತೇನೆಂದು ಹೋದವರು ಒಂದೂವರೆ ಗಂಟೆ ಬಿಟ್ಟು ಬರಿಗೈಯಲ್ಲಿ ಬಂದು ನನ್ನಿಂದ ಬೈಸಿಕೊಂಡಿದ್ದರು. ನನಗಿಂತ ಮೂರು ದಿನ ಮೊದಲೇ ಅವರಿಗೆ ಗೊತ್ತಿತ್ತು. ಇವತ್ತು ಆ ಬೆಂಚಿನ ಮೇಲೆ ಎಲ್ಲ ಗೊತ್ತಿದ್ದೇ ಕೂತರು, ಗೊತ್ತಿದ್ದೇ ಕೇಳಿದರು. ತಲೆನೋವಿನ ಮಾತು ಬಿಟ್ಟುಬಿಡಿ. ಶನಿವಾರ ಅವರು ಕೇಳಿದಾಗ ಮೊದಲಿನ ಹಾಗೆಯೇ ಹೇಳಿ, ಒಂದು ಮಾತೂ ಬಿಡದೆ ಹೇಳಿ. ಅವರಿಗೆ ಅದು ಇನ್ನೂ ಬೇಕು.