ಕನ್ನಡದಲ್ಲಿ ಬರೆದ ದೂರು

4-5-1988, ಭೋಜ
ಪಲ್ಟನ್ನಿನಿಂದ ರಜೆಗೆ ಬಂದು ಒಂಬತ್ತನೇ ದಿನ. ಎಮ್ಮೆ ತೊಳೆಯುತ್ತಿದ್ದೆ. ಅವ್ವ ಎಡಗಡೆಯಿಂದ ಕರೆದಳು — ಕೇಳಲಿಲ್ಲ. ಎಮ್ಮೆ ತಿರುಗಿ ನೋಡಿತು.
"ಎಮ್ಮಿಗಿ ಕೇಳ್ತೈತಿ, ಭೀಮಸಿ. ನಿನಗ ಕೇಳೂದಿಲ್ಲೇನೋ?"
ನಕ್ಕೆ. ಎಡಗಿವಿ ಹೋದದ್ದನ್ನು ಅವ್ವನಿಗೆ ಹೇಳಲಿಲ್ಲ.

5-5
ಲಗಮಪ್ಪ ಮಾವನಿಗೆ ಮಾತ್ರ ಹೇಳಿದೆ. ರಿಟೈರ್ಡ್ ಹವಾಲ್ದಾರ, ತಿಳಿದವನು. ನಮ್ಮ ಕಂಪನಿಯ ಸುಭೇದಾರ ದಾದಾಸಾಹೇಬರು ತಮ್ಮ ಹೆಂಡತಿಯ ಸೀರೆ ಒಗೆ ಎಂದರು. ಒಲ್ಲೆ ಎಂದೆ. ಕಪಾಳಕ್ಕೆ ಮೂರು ಏಟು, ಕಿವಿಯಲ್ಲಿ ರಕ್ತ. ದೂರು ಕೊಡಲು ಹೋದರೆ ಕ್ಲಾರ್ಕ್ ನಕ್ಕ — ಸುಭೇದಾರರ ಸಹಿಯಿಲ್ಲದೆ ಅರ್ಜಿ ಮೇಲೆ ಹೋಗುವುದಿಲ್ಲವಂತೆ.
ಮಾವ ಎಂದ: "ಸೀದಾ ಕರ್ನಲ್ ಸಾಹೇಬ್ರಿಗಿ ಹಾಕು. ಹಿಂದ್ಯಾಗ ಬರದ್ರ ಆಫೀಸಿನ್ಯಾಗ ಎಲ್ಲಾರೂ ಓದ್ತಾರ. ಕನ್ನಡದಾಗ ಬರಿಯಲೇ. ಅಲ್ಲೆ ಯಾರಿಗಿ ಬರ್ತೈತಿ?"
ನಿಜ. ಪಲ್ಟನ್ನಿನಲ್ಲಿ ಕನ್ನಡದವನು ನಾನೊಬ್ಬನೇ. ಸಾಹೇಬರು ಹೊರಗಿನವರಿಂದ ಓದಿಸಬೇಕು. ಸುಭೇದಾರರದು ಬರೀ ಮರಾಠಿ. ಬೈಗುಳವೂ.

7-5
ದೂರನ್ನು ಸದಲಗಾ ಪೋಸ್ಟಿನಲ್ಲಿ ರಿಜಿಸ್ಟರ್ ಮಾಡಿದೆ. ನಿಪ್ಪಾಣಿ ಡಾಕ್ಟರರ ಚೀಟಿ ಒಳಗಿಟ್ಟೆ — ಕಿವಿಯ ಪೊರೆ ಹರಿದಿದೆ. ಇದ್ದದ್ದು ಅದೊಂದೇ ಪ್ರತಿ.

2-6
ಉತ್ತರವಿಲ್ಲ.

22-6, ಸಂಜೆ 4
ರಜೆ ಮುಗಿಯಿತು, ನಾಳೆ ಹೊರಡಬೇಕು. ಬಾಗಿಲಲ್ಲಿ ಒಂದು ದನಿ — "ಭೀಮಸಿ ಮನಿ ಇದ ಏನ್ರಿ, ಅಕ್ಕಾರ?" ನಮ್ಮದೇ ಕನ್ನಡ. ಹೊರಗೆ ಬಂದೆ. ದಾದಾಸಾಹೇಬರು!
"ಯಾಕಲೇ, ಬಾಯಿ ತಕ್ಕೊಂಡ ನಿಂತಿ? ಕಾಗವಾಡದ ಕನ್ನಡ ಸಾಲ್ಯಾಗ ಕಲತಾಂವ ನಾ. ಯಾರೂ ಕೇಳಿದ್ದಿಲ್ಲ, ನಾ ಹೇಳಿದ್ದಿಲ್ಲ. ಕನ್ನಡ ಓದಾಕ ಯಾರಿಗಿ ಬರ್ತೈತಿ ಅಂತ ಸಾಹೇಬ್ರು ಕೇಳಿದ್ರು, ಕೈ ಎತ್ತಿದೆ. ಅಕ್ಷರ ಭಾಳ ಚಂದ ಅದಾವ ನಿನ್ನೂವು."
ಗಡಿಯಲ್ಲಿ ಹುಟ್ಟಿ, ಎರಡೂ ನುಡಿ ಆಡಿ ಬೆಳೆದ ನನಗೆ ಇದು ಹೊಳೆಯಬಾರದಿತ್ತೇ…
"ಏನ ಬರದಾನ್ರಿ ನಮ್ಮ ಹುಡುಗ?" ಎಂದಳು ಅವ್ವ. ಅವಳಿಗೆ ಓದು ಬಾರದು.
ನನ್ನದೇ ಕಾಗದ ಹಿಡಿದು, ನಾನು ಬರೆಯದ್ದನ್ನು ಓದಿದರು: "ಸುಭೇದಾರರು ನನ್ನ ಹಡದಪ್ಪನಂಗ ನೋಡ್ಕೋತಾರ."
ಅವ್ವ ಕಣ್ಣೊರೆಸಿಕೊಂಡು ಹಾಲು ಕಾಸಲು ಹೋದಳು.
"ಡಾಕ್ಟರ್ ಚೀಟಿ?" ಎಂದೆ.
"ಯಾವ ಚೀಟಿ?"
ಹಿಂದಿಯ ಹಾಳೆ ತೆಗೆದರು. ದೂರಿನ ಅನುವಾದವಂತೆ. ಹಡೆದಪ್ಪ ಅದರಲ್ಲೂ ಇದ್ದಾನೆ. ಕೆಳಗೆ ನನ್ನ ಸಹಿಗೆ ಜಾಗ. ನಾಳೆ ರಾಯಬಾಗದಿಂದ ಇಬ್ಬರಿಗೂ ಒಂದೇ ರೈಲು, ಟಿಕೆಟ್ಟೂ ತೆಗೆಸಿದ್ದಾರೆ.
"ನಿನ್ನ ಬಲಕ್ಕ ಕುಂದರ್ತೀನಿ. ನಾ ಅಂದದ್ದ ಕೇಳಬೇಕಲ್ಲ ನಿನಗ."

ಅದೇ ದಿನ, 4-40
ಪೆನ್ನು ಹುಡುಕುತ್ತೇನೆಂದು ಒಳಗೆ ಬಂದಿದ್ದೇನೆ. ಸಹಿ ಹಾಕಿದರೆ ಕಿವಿ ತಾನಾಗಿಯೇ ಹರಿಯಿತು ಎಂದಾಗುತ್ತದೆ. ಹಾಕದಿದ್ದರೆ ಎರಡು ಹಗಲು, ಒಂದು ರಾತ್ರಿ ಅವರ ಪಕ್ಕ, ಆಮೇಲೆ ಅವರದೇ ಕಂಪನಿ. ಹಿತ್ತಲ ಬಾಗಿಲು ತೆಗೆದಿದೆ, ಹೊಳೆಯಾಚೆ ಮಹಾರಾಷ್ಟ್ರ. ಓಡಿದರೆ ಪಲ್ಟನ್ ಬಿಟ್ಟು ಪರಾರಿಯಾದ ಭಗೋಡಾ ನಾನೇ…
ಅವ್ವ ಕೂಗುತ್ತಿದ್ದಾಳೆ — "ಸಿಕ್ತೇನೋ ಪೆನ್ನ? ಹಿರ್ಯಾರು ಕಾಯಾಕತ್ತಾರ."
ಬರುತ್ತಿದ್ದಾಳೆ. ಈ ಮನೆಯಲ್ಲಿ ಇರುವ ಪೆನ್ನು ಇದೊಂದೇ, ನನ್ನ ಕೈಯಲ್ಲಿ. ಅವ್ವ ಅದನ್ನು ಹಿಡಿದೆಳೆ—