ಇದ್ದಿಲು ಗ್ಯಾಸಿಗೆ ವಾಸನೆಯಿಲ್ಲ, ಚಂದ್ರಯ್ಯ

ಅರಕಲಗೂಡು
ಜೂನ್ 1945

ಚಂದ್ರಯ್ಯನಿಗೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಮಸಿ ಕಾಣುತ್ತದೆ ನೋಡಿಕೋ. ಹಾಸನದ ಬಸ್ ಷೆಡ್ಡಿನಲ್ಲಿ ಆರು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರು ನಾವು. ಯುದ್ಧ ಬಂದು ಪೆಟ್ರೋಲ್ ಸಿಗದಾದಾಗ ಬಸ್ಸುಗಳ ಬೆನ್ನಿಗೆ ಇದ್ದಿಲು ಗ್ಯಾಸಿನ ಬಾಯ್ಲರ್ ಕೂರಿಸಿದವರೂ ನಾವೇ. ಅದೇ ಗ್ಯಾಸನ್ನು ಕೊಳವೆಯಲ್ಲಿ ಉರಿಸಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಶಾಖ ಕೊಡಬಹುದು ಅಂತ ಹೊಳೆದದ್ದು ನನಗೆ. ಹೋಗಲಿ, ಇಬ್ಬರಿಗೂ ಅನ್ನೋಣ. ಆ ಹೆಸರು ಬೇಕಿದ್ದರೆ ನೀನೇ ಇಟ್ಟುಕೋ.

ಕಳೆದ ಆಷಾಢದಲ್ಲಿ ಸಾಹುಕಾರ್ ಗಂಗಾಧರಯ್ಯನವರ ಬ್ಯಾರನ್ನಿನ ಪರೀಕ್ಷೆ ನೆನಪಿದೆಯಾ? ಸೊಪ್ಪು ಏರಿಸುವ ಮೊದಲು ಖಾಲಿ ಬ್ಯಾರನ್ ಕಾಯಿಸಿ ನೋಡುವುದು ನಮ್ಮ ಪದ್ಧತಿ. ನಾನು ಒಳಗೆ ನಿಂತು ಕೊಳವೆಯ ಬೆಸುಗೆಗಳನ್ನು ನೋಡಬೇಕು. ನೀನು ಹೊರಗೆ ಗಾಳಿ ಹೆಚ್ಚು ಕಡಿಮೆ ಮಾಡುವ ಕೀಲಿ ಹಿಡಿದು, ಉರಿ ನೀಲಿಯಾಗಿಯೇ ಇದೆಯೇ ಅಂತ ಕಿಂಡಿಯಿಂದ ಕಣ್ಣು ತೆಗೆಯದೆ ಕಾಯಬೇಕು. ಉರಿ ಆರಿದರೆ ಹಸಿ ಗ್ಯಾಸು ಒಳಗೆ ತುಂಬಿಕೊಳ್ಳುತ್ತದೆ. ಅದು ವಿಷ, ಆದರೆ ವಾಸನೆಯಿಲ್ಲ, ಒಳಗಿದ್ದವನಿಗೆ ಗೊತ್ತೇ ಆಗುವುದಿಲ್ಲ.

ನೀನು ಹೋಗಿಬಿಟ್ಟೆ. ಸಾಹುಕಾರರ ಕಾರು ಬಂತು ಅಂತ, ಎಲ್ಲ ಮಾಡಿದವನು ನೀನೇ ಎಂದು ತೋರಿಸಿಕೊಳ್ಳಲು ಕೀಲಿ ಬಿಟ್ಟು ಓಡಿದೆ. ಉರಿ ಆರಿತು. ನನಗೆ ತಲೆ ಸಿಡಿಯತೊಡಗಿತು, ಕಾಲು ನನ್ನ ಮಾತು ಕೇಳಲಿಲ್ಲ. ಹೇಗೋ ಬಾಗಿಲು ದೂಡಿ, ತೂರಾಡುತ್ತ ಬಂದು ಸಾಹುಕಾರರ, ಅವರ ಜೊತೆ ಬಂದವರೆಲ್ಲರ ಮುಂದೆ ಬಿದ್ದು ವಾಂತಿ ಮಾಡಿಕೊಂಡೆ. ನಾಲಿಗೆ ತೊದಲುತ್ತಿತ್ತು, ಕಿವಿ ಮಾತ್ರ ನೆಟ್ಟಗಿತ್ತು. ನೀನು ನಕ್ಕು ಹೇಳಿದ್ದು ಕೇಳಿಸಿತು: “ಏನಿಲ್ಲ ಬುಡಿ ಸಾ, ಬೆಳಗ್ಗೇನೇ ಒಸಿ ಏರ್ಸ್ಕೊಂಡವ್ನೆ.”

ಥೂ ನಿನ್ನ ಮುಖಕ್ಕೆ. ಹೀಗೆ ಬರೆಯಬಾರದಿತ್ತು, ಬರೆದೆ. ಕೀಲಿ ಬಿಟ್ಟು ಹೋದದ್ದನ್ನು ಯಾವತ್ತಾದರೂ ಮನ್ನಿಸಿಯೇನು, ಮನುಷ್ಯ ಅಂದಮೇಲೆ ತಪ್ಪುತ್ತಾನೆ. ಆ ಮಾತನ್ನು ನೀನು ತಿಳಿದೂ ತಿಳಿದೂ ಆಡಿದೆ.

ಕೆಲಸ ಹೋಯಿತು, ಅದಕ್ಕಲ್ಲ ಹೊಟ್ಟೆ ಉರಿಯುವುದು. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಹೆಂಡದಂಗಡಿಯ ಬೀದಿಯಲ್ಲೂ ಕಾಲಿಡದ ಹೆಂಗಸು ನಮ್ಮವ್ವ. ನಾನು ಎಷ್ಟು ಆಣೆ ಇಟ್ಟರೂ, ಚಂದ್ರಯ್ಯ ಯಾಕೆ ಸುಳ್ಳು ಹೇಳುತ್ತಾನೆ ಅಂತ ಒಂದೇ ಮಾತು. ಅಂದಿನಿಂದ ನನಗೆ ಜಗಲಿಯ ಮೇಲೆ ಎಲೆ. ಗೌರಿ ಹಬ್ಬಕ್ಕೆ ನೀನು ಬಂದೆ. ನಿನ್ನನ್ನು ಒಳಗೆ ಕೂರಿಸಿ ಕೈಯಾರೆ ಒಬ್ಬಟ್ಟು ಬಡಿಸಿದಳು. ಬಾಗಿಲಾಚೆ ನಾನು ಉಣ್ಣುತ್ತಿದ್ದದ್ದು ನಿನಗೆ ಕಾಣುತ್ತಿತ್ತು. ಒಂದು ಮಾತು ಸಾಕಿತ್ತಲ್ಲೋ. ನೀನು ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಹೋದ ಶುಕ್ರವಾರ ಅವ್ವ ಲಿಂಗೈಕ್ಯಳಾದಳು. ನಿನಗೆ ಹೇಳಿಕಳಿಸಬೇಡಿ ಅಂದವನು ನಾನೇ. ಅಂದು ಬೆಳಿಗ್ಗೆ ನನ್ನನ್ನು ಹಾಸಿಗೆಯ ಹತ್ತಿರ ಕರೆದು, ಹಣೆಗೆ ವಿಭೂತಿ ಹಚ್ಚಿದಳು. “ಇನ್ ಕುಡಿಯಾಕಿಲ್ಲ ಅಂತ ಒಂದ್ ಮಾತು ಅನ್ನು ಮಗ. ನೆಮ್ಮದಿಯಾಗಿ ಓಯ್ತೀನಿ.” ನಾನು ಕುಡಿದೇ ಇಲ್ಲ ಅಂತ ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅವಳಲ್ಲಿ ಉಸಿರು ಹೆಚ್ಚು ಉಳಿದಿರಲಿಲ್ಲ. ನನ್ನ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು, ಆಯ್ತವ್ವ, ಬಿಟ್ಟೆ ಅಂದೆ. ಅವಳ ಮುಖ ಅರಳಿತು. ಕುಡಿತ ಬಿಟ್ಟ ಮಗ ಅಂದುಕೊಂಡೇ ಹೋದಳು, ಚಂದ್ರಯ್ಯ. ಕುಡಿಯದ ಮಗ ಅವಳಿಗೆ ಸಿಗಲೇ ಇಲ್ಲ. ಇನ್ನು ನೀನು ಊರಿಗೆಲ್ಲ ನಿಜ ಹೇಳಿದರೂ ನನಗೆ ಬೇಡ.

ಹಳೇಕೋಟೆಯ ಹೊಸ ಬ್ಯಾರನ್ನಿನ ಪರೀಕ್ಷೆಗೆ, ನನ್ನ ಜಾಗಕ್ಕೆ ನೀನು ಸೇರಿಸಿಕೊಂಡ ನಂಜಯ್ಯ ಒಳಗೆ ಹೋಗುತ್ತಾನಂತೆ. ಕೀಲಿ ಬಿಟ್ಟು ಕದಲಬೇಡ, ಯಾರ ಕಾರು ಬಂದರೂ. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ಏಳುತ್ತಿಲ್ಲ. ನಂಜಯ್ಯನನ್ನು ಶಿವ ಕಾಯಲಿ, ಅವನಿಗೂ ಮನೆಯಲ್ಲಿ ತಾಯಿ ಇದ್ದಾಳೆ.

ಒಂದು ಕಾಲಕ್ಕೆ ನಿನ್ನವನಾಗಿದ್ದ
ಪಾಲಾಕ್ಷ